ಅಡಿಕೆ ವಿಂಗಡಿಸುವ ಯಂತ್ರ: ಪೈ ಬೋರ್ಡಿನಲ್ಲಿ ಟೈಮಿಂಗ್ ಆಗಾಗ ತಪ್ಪುತ್ತಿದೆ, ಜಿಟ್ಟರ್ (ಸಮಯದ ಏರುಪೇರು) ಕಡಿಮೆ ಮಾಡುವುದು ಹೇಗೆ?

ಚಾಲಿಮನೆ_ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ಉಂಟು, ಗೊತ್ತಿದ್ದವರು ದಾರಿ ಹೇಳಿ.

ಸುಲಿದ ಚಾಲಿ ಅಡಿಕೆ ವಿಂಗಡಿಸುವ ಸಣ್ಣ ಯಂತ್ರ ಮಾಡುತ್ತಿದ್ದೇವೆ, ನಾನು ಮತ್ತು ಭಾವ ಸೇರಿ. ನಾಲ್ಕು ಸಾಲಿನ ಬೆಲ್ಟ್, ವೇಗ ಸೆಕೆಂಡಿಗೆ 1 ಮೀಟರ್. ಮೇಲೊಂದು ಕ್ಯಾಮೆರಾ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆ ಕಂಡರೆ 40 ಸೆಂಟಿಮೀಟರ್ ಮುಂದಿರುವ ನಾಜಲ್ ಗಾಳಿ ಬಿಟ್ಟು ಅದನ್ನು ಪಕ್ಕದ ಡಬ್ಬಕ್ಕೆ ತಳ್ಳಬೇಕು. ಬೋರ್ಡ್ ರಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಕಂಪ್ಯೂಟರ್, ಅದರಲ್ಲಿ ಲಿನಕ್ಸ್, ಕರ್ನಲ್ (ಲಿನಕ್ಸಿನ ತಿರುಳು) 6.6. ಪ್ರೋಗ್ರಾಂ ಸಿ ಪ್ಲಸ್ ಪ್ಲಸ್, ಚಿತ್ರ ನೋಡಲು ಓಪನ್ ಸಿವಿ.

ಗುರುತಿಸುವುದರಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಸಮಯದಲ್ಲಿ. ಕ್ಯಾಮೆರಾ ಕಂಡ 400 ಮಿಲಿಸೆಕೆಂಡಿಗೆ ಸರಿಯಾಗಿ ಗಾಳಿ ಬಿಡಬೇಕು. ಹೆಚ್ಚಿನ ಸಲ ಬಿಡುತ್ತದೆ. ಆಗೊಮ್ಮೆ ಈಗೊಮ್ಮೆ 15, 20 ಮಿಲಿಸೆಕೆಂಡ್ ತಡ ಆಗುತ್ತದೆ. ಅಷ್ಟರಲ್ಲಿ ಅಡಿಕೆ 2 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹಿಂದಿನ ಒಳ್ಳೆ ಅಡಿಕೆ ಹಾರಿಹೋಗುತ್ತದೆ, ಕರಿಗೋಟು ಒಳ್ಳೆಯದರ ಜೊತೆ ಸೇರುತ್ತದೆ. ಸರಾಸರಿ ತೆಗೆದರೆ ತಡ 0.1 ಮಿಲಿಸೆಕೆಂಡೂ ಇಲ್ಲ!

ಈಗ ಗಾಳಿ ಬಿಡುವ ಥ್ರೆಡ್ಡಿಗೆ (ಪ್ರೋಗ್ರಾಮಿನಲ್ಲಿ ಬೇರೆಯಾಗಿ ಓಡುವ ಭಾಗಕ್ಕೆ) ಸ್ಕೆಡ್ ಫೈಫೋ 99, ಎಂದರೆ ಅತಿ ಮೇಲಿನ ಆದ್ಯತೆ, ಕೊಟ್ಟು, ಸಮಯ ಆಗುವವರೆಗೆ ಲೂಪಿನಲ್ಲೇ ಗಡಿಯಾರ ನೋಡುತ್ತಾ ಇರುವ ಹಾಗೆ ಬರೆದಿದ್ದೇವೆ. ಆಮೇಲೆ ಹೊಸದೊಂದು ಶುರುವಾಗಿದೆ. ನಡುನಡುವೆ ಒಟ್ಟಿಗೆ ಎರಡು ಅಡಿಕೆ ತಪ್ಪುತ್ತವೆ. ರಿಯಲ್ ಟೈಮ್ ಕರ್ನಲ್ ಹಾಕಿದರೆ ಎಲ್ಲ ಸರಿಯಾಗುತ್ತದಾ?

ಮಡಕಶಿರಾ_ಪಿಕೋ

ಲಿನಕ್ಸ್ ಬಿಡಿ ಅಣ್ಣ. ವಾಲ್ವ್ ಕೆಲಸಕ್ಕೆ ಪಿಕೋ ಎಂಬ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕು. ಬೆಲೆಯೂ ಕಡಿಮೆ.

ಪೆರ್ಲದವ

ಬದಿಯಡ್ಕದಲ್ಲಿ ಎಲ್ಲಿ ಮಾರಾಯ್ರೆ? ನಮ್ಮಲ್ಲೂ ಅಡಿಕೆ ಉಂಟು, ಒಮ್ಮೆ ನೋಡಲಿಕ್ಕೆ ಬರಬಹುದಾ? ವಿಂಗಡಿಸಲು ಜನ ಸಿಗುವುದೇ ಇಲ್ಲ ಈಗ.

ಹೊಸೂರು_ಲೇತ್

ಮಡಕಶಿರಾ ಅಣ್ಣ, ಕೇಳಿದ್ದಕ್ಕೆ ಉತ್ತರ ಕೊಡದೆ ಬೋರ್ಡ್ ಬದಲಿಸಿ ಅಂದರೆ ಹೇಗೆ? ನಾವು ಹೊಸೂರಿನಲ್ಲಿ ಹಳೆಯ ಮಿಲ್ಲಿಂಗ್ ಮಿಷನ್ ಒಂದನ್ನು ಲಿನಕ್ಸ್ ಸಿಎನ್‌ಸಿ (ಯಂತ್ರ ನಡೆಸುವ ಪ್ರೋಗ್ರಾಂ) ಹಾಕಿ ಓಡಿಸುತ್ತಿದ್ದೇವೆ. ಸರ್ವೋ ಥ್ರೆಡ್ 1 ಮಿಲಿಸೆಕೆಂಡಿಗೆ ಒಂದು ಸಲ ಎದ್ದು ಕೆಲಸ ಮುಗಿಸಿ ಮಲಗುತ್ತದೆ. ದಿನಪೂರ್ತಿ ಹಾಗೆಯೇ. ಲಿನಕ್ಸಿನಲ್ಲಿ ಆಗುವುದಿಲ್ಲ ಎನ್ನುವುದು ಹಳೆಯ ಮಾತು.

ಕರ್ನಲ್_ಕುಂಬಳೆ

ಕರ್ನಲ್ ಬದಲಿಸುವ ಮೊದಲು ಒಂದು ಪ್ರಶ್ನೆ. ಆ ಎರಡು ಅಡಿಕೆ ತಪ್ಪುವುದು ಎಷ್ಟು ಹೊತ್ತಿಗೊಮ್ಮೆ? ಮನಬಂದಂತೆಯೋ, ಲೆಕ್ಕಕ್ಕೆ ಸರಿಯಾಗಿಯೋ?

ಯಾಕೆ ಕೇಳುತ್ತೇನೆ ಎಂದರೆ ಜಿಟ್ಟರಿಗೂ ಒಂದು ತಾಳ ಉಂಟು. ಆ ತಾಳ ಹಿಡಿದರೆ ಅರ್ಧ ಕೆಲಸ ಮುಗಿಯಿತು. ಸೆಕೆಂಡಿಗೊಮ್ಮೆ ಬರುವ ತಡಕ್ಕೆ ಒಂದು ಕಾರಣ, 5 ಸೆಕೆಂಡಿಗೊಮ್ಮೆ ಬಂದರೆ ಇನ್ನೊಂದು. ಯಂತ್ರ ಬಿಸಿಯಾದ ಮೇಲೆ ಶುರುವಾಗುವುದು ಬೇರೆ, ಕಂಪ್ರೆಸರ್ ಆನ್ ಆದಾಗ ಮಾತ್ರ ಬರುವುದು ಬೇರೆ. ಇದನ್ನು ನೋಡದೆ ಕರ್ನಲ್ ಬದಲಿಸಿದರೆ ಸುಮ್ನೆ ಒಂದು ವಾರ ಹೋಗುತ್ತದೆ.

ಚಾಲಿಮನೆ_ಬದಿಯಡ್ಕ

ಈಗ ತಾನೇ ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿದೆವು. ಸರಿಯಾಗಿ ಸೆಕೆಂಡಿಗೊಮ್ಮೆ! ಭಾವನಿಗೂ ಆಶ್ಚರ್ಯ.

ಕರ್ನಲ್_ಕುಂಬಳೆ

ಹಾಗಾದರೆ ಸಿಕ್ಕಿತು. ಅದು ಆರ್‌ಟಿ (ರಿಯಲ್ ಟೈಮ್) ಥ್ರಾಟಲಿಂಗ್.

ಫೈಫೋ ಥ್ರೆಡ್ ಬಿಡುವಿಲ್ಲದೆ ಓಡಿದರೆ ಪ್ರೊಸೆಸರಿನ ಆ ಕೋರ್‌ನಲ್ಲಿ ಬೇರೆ ಯಾರಿಗೂ ಜಾಗ ಸಿಗುವುದಿಲ್ಲ, ಬೋರ್ಡ್ ಸ್ತಬ್ಧ ಆಗಬಹುದು. ಅದಕ್ಕೆ ಕರ್ನಲ್ ಒಂದು ಕಟ್ಟುಪಾಡು ಇಟ್ಟಿದೆ. ಪ್ರತಿ 10,00,000 ಮೈಕ್ರೋಸೆಕೆಂಡಿನಲ್ಲಿ ರಿಯಲ್ ಟೈಮ್ ಥ್ರೆಡ್ಡುಗಳಿಗೆ 9,50,000 ಮಾತ್ರ. ಉಳಿದ 50 ಮಿಲಿಸೆಕೆಂಡ್ ನಿಮ್ಮ ಥ್ರೆಡ್ಡನ್ನು ಬಲವಂತವಾಗಿ ಕೂರಿಸುತ್ತದೆ. ನಿಮ್ಮ ಬೆಲ್ಟಿನಲ್ಲಿ 50 ಮಿಲಿಸೆಕೆಂಡ್ ಎಂದರೆ 5 ಸೆಂಟಿಮೀಟರ್. ಎರಡು ಅಡಿಕೆ ಆಯಿತಲ್ಲ.

ಆ ಮಿತಿ ತೆಗೆದುಬಿಡಿ ಎಂದು ಕೆಲವರು ಹೇಳುತ್ತಾರೆ. ಬೇಡ. ಥ್ರೆಡ್ ಸುತ್ತುತ್ತಾ ಇರುವ ಅಗತ್ಯವೇ ಇಲ್ಲ. ಕ್ಲಾಕ್ ನ್ಯಾನೋಸ್ಲೀಪ್ ಬಳಸಿ, ಮೊನೊಟಾನಿಕ್ (ಎಂದೂ ಹಿಂದೆ ಹೋಗದ) ಗಡಿಯಾರದಲ್ಲಿ, ಟೈಮರ್ ಆಬ್ಸ್‌ಟೈಮ್ ಹಾಕಿ. ಎಂದರೆ 'ಇನ್ನು ಇಷ್ಟು ಹೊತ್ತು ಮಲಗು' ಅಲ್ಲ, 'ಇಂಥ ಗಳಿಗೆಗೆ ಎಬ್ಬಿಸು'. ಮೊದಲನೆಯದರಲ್ಲಿ ಸಣ್ಣ ಸಣ್ಣ ತಡಗಳು ಕೂಡಿಕೊಂಡು ಹೋಗುತ್ತವೆ, ಎರಡನೆಯದರಲ್ಲಿ ಕೂಡುವುದಿಲ್ಲ.

ಮತ್ತೆ 99 ಬೇಡ. ಕರ್ನಲಿನ ಸ್ವಂತ ಕೆಲಸದ ಕೆಲವು ಥ್ರೆಡ್ಡುಗಳು ಆ ಮಟ್ಟದಲ್ಲಿರುತ್ತವೆ. 80, 90 ಧಾರಾಳ ಸಾಕು.

ತಾಳವಾಡಿ_ಹುಡುಗಿ

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಒಂದು ಸಣ್ಣ ಪ್ರಶ್ನೆ ಕೇಳಬಹುದಾ? ಸರಾಸರಿ 0.1 ಮಿಲಿಸೆಕೆಂಡ್ ಇರುವಾಗ 20 ಮಿಲಿಸೆಕೆಂಡ್ ತಡ ಎಲ್ಲಿಂದ ಬರುತ್ತದೆ? 1.5 ಗಿಗಾಹರ್ಟ್ಸ್ ಪ್ರೊಸೆಸರ್ ಅಲ್ವಾ ಅದು?

ಅಕ್ಕಲಕೋಟ_ಮೇಷ್ಟ್ರು

ಒಳ್ಳೆ ಪ್ರಶ್ನೆ ತಂಗಿ, ಸಣ್ಣದೇನಲ್ಲ. ಸಾಮಾನ್ಯ ಲಿನಕ್ಸನ್ನು ಕಟ್ಟಿರುವುದು ಒಟ್ಟು ಕೆಲಸ ಜಾಸ್ತಿ ಆಗಲಿ ಎಂದು. ಒಬ್ಬೊಬ್ಬರಿಗೂ ಹೇಳಿದ ಗಳಿಗೆಗೆ ಸಿಗಲಿ ಎಂದಲ್ಲ. ನೆಟ್‌ವರ್ಕಿನಿಂದ ಒಂದಿಷ್ಟು ಪ್ಯಾಕೆಟ್ ಬಂದರೆ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತದೆ. ಕರ್ನಲಿನೊಳಗೆ ಸ್ಪಿನ್‌ಲಾಕ್ ಎಂಬ ಬೀಗ ಹಿಡಿದಿರುವಾಗ ಯಾರು ಬಂದರೂ ಕಾಯಬೇಕು. ಪ್ರೊಸೆಸರ್ ವೇಗ ಎಷ್ಟೇ ಇರಲಿ, ಸರದಿ ಬರದಿದ್ದರೆ ಏನು ಮಾಡುತ್ತದೆ? ರಿಯಲ್ ಟೈಮ್ ಎಂದರೆ ವೇಗ ಅಲ್ಲ, ಅತಿ ಕೆಟ್ಟ ಗಳಿಗೆಯಲ್ಲೂ ಇಷ್ಟರೊಳಗೆ ಎಂಬ ಭರವಸೆ.

ಮಂಗಳ ಗ್ರಹದ ಪಾಥ್‌ಫೈಂಡರ್ ಕತೆ ಕೇಳಿದ್ದೀಯಾ? 1997. ನೌಕೆ ಇಳಿದ ಮೇಲೆ ಅದರ ಕಂಪ್ಯೂಟರ್ ತಾನಾಗಿ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಹವಾಮಾನದ ಮಾಹಿತಿ ಕೂಡಿಸುವ ಕೆಳದರ್ಜೆಯ ಕೆಲಸ ಒಂದು ಬೀಗ ಹಿಡಿದಿತ್ತು. ಅದೇ ಬೀಗಕ್ಕೆ ಮೇಲ್ದರ್ಜೆಯ ಕೆಲಸ ಕಾಯುತ್ತಿತ್ತು. ನಡುವೆ ಮಧ್ಯಮ ದರ್ಜೆಯ ಕೆಲಸಗಳು ಬಂದು ಕೆಳಗಿನವನನ್ನು ಓಡಲು ಬಿಡಲಿಲ್ಲ. ಹಾಗಾಗಿ ಬೀಗ ಬಿಡುಗಡೆಯೇ ಆಗಲಿಲ್ಲ. ಭೂಮಿಯಿಂದಲೇ ಪ್ರಯಾರಿಟಿ ಇನ್ಹೆರಿಟೆನ್ಸ್ (ಬೀಗ ಹಿಡಿದವನಿಗೆ ಕಾಯುವವನ ದರ್ಜೆ ಕೊಡುವುದು) ಆನ್ ಮಾಡಿ ಸರಿಪಡಿಸಿದರು.

ಹೊಸೂರು_ಲೇತ್

ಮೇಷ್ಟ್ರೆ, ಕತೆ ಚೆನ್ನಾಗಿದೆ. ಆದರೆ ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ, ಲಿನಕ್ಸ್ ಅಲ್ಲ. ಬದಿಯಡ್ಕದ ಬೆಲ್ಟಿಗೂ ಇದಕ್ಕೂ ಏನು ಸಂಬಂಧ?

ಕರ್ನಲ್_ಕುಂಬಳೆ

ಸಂಬಂಧ ಉಂಟು, ಮೇಷ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಚಾಲಿಮನೆಯವರೇ, ಚಿತ್ರ ನೋಡುವ ಥ್ರೆಡ್ಡಿನಿಂದ ಗಾಳಿ ಬಿಡುವ ಥ್ರೆಡ್ಡಿಗೆ ಮಾಹಿತಿ ಹೋಗುವುದು ಹೇಗೆ? ಒಂದು ಕ್ಯೂ, ಅದಕ್ಕೊಂದು ಸ್ಟಾಂಡರ್ಡ್ ಮ್ಯೂಟೆಕ್ಸ್ ಎಂಬ ಬೀಗ, ಹೌದಾ? ಸಿ ಪ್ಲಸ್ ಪ್ಲಸ್‌ನ ಆ ಮ್ಯೂಟೆಕ್ಸಿಗೆ ಲಿನಕ್ಸಿನಲ್ಲಿ ಪ್ರಯಾರಿಟಿ ಇನ್ಹೆರಿಟೆನ್ಸ್ ಇಲ್ಲ. ಚಿತ್ರದ ಥ್ರೆಡ್ ಮ್ಯೂಟೆಕ್ಸ್ ಹಿಡಿದಿರುವಾಗಲೇ ಅದನ್ನು ಬದಿಗೆ ಸರಿಸಿ ಬೇರೊಂದು ಪ್ರೋಗ್ರಾಂ ಓಡಿತು ಎಂದುಕೊಳ್ಳಿ. ನಿಮ್ಮ 90ರ ಥ್ರೆಡ್ ಕೂಡ ಅದರ ಜೊತೆ ಕಾದು ಕೂರಬೇಕು. 15, 20 ಮಿಲಿಸೆಕೆಂಡಿನ ತಡ ಇಲ್ಲಿಂದಲೇ ಎಂದು ನನ್ನ ಅನುಮಾನ. ಇದಕ್ಕೆ ಯಾವ ಕರ್ನಲ್ ಹಾಕಿದರೂ ಪರಿಹಾರ ಇಲ್ಲ.

ಪರಿಹಾರ ಎರಡು. ಪಿಥ್ರೆಡ್ ಮ್ಯೂಟೆಕ್ಸ್ ತೆಗೆದುಕೊಂಡು ಅದರ ಗುಣದಲ್ಲಿ ಪ್ರಯೋ ಇನ್ಹೆರಿಟ್ ಹಾಕಿ. ಇಲ್ಲದಿದ್ದರೆ ಬೀಗವೇ ಇಲ್ಲದ ರಿಂಗ್ ಬಫರ್ (ಸುತ್ತುತ್ತಾ ತುಂಬುವ ಪಟ್ಟಿ) ಬರೆಯಿರಿ. ಬರೆಯುವವ ಒಬ್ಬ, ಓದುವವ ಒಬ್ಬ, ಎರಡು ಅಟಾಮಿಕ್ ಸೂಚಿ. ನಾನಾದರೆ ಎರಡನೆಯದು ಮಾಡುತ್ತೇನೆ.

ಇನ್ನೊಂದು: ಆ ಥ್ರೆಡ್ಡಿನೊಳಗೆ ಪ್ರಿಂಟ್‌ಎಫ್, ಫೈಲಿಗೆ ಬರೆಯುವುದು, ಮ್ಯಾಲಾಕ್ (ಹೊಸದಾಗಿ ಮೆಮೊರಿ ಕೇಳುವುದು) ಇದ್ದರೆ ತೆಗೆಯಿರಿ. ಎಸ್‌ಡಿ ಕಾರ್ಡಿಗೆ ಬರೆಯಲು ಹೊರಟ ಥ್ರೆಡ್ ಯಾವಾಗ ಹಿಂದೆ ಬರುತ್ತದೆ ಎಂದು ಹೇಳಲಾಗದು. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ಜರ್ನಲ್ 5 ಸೆಕೆಂಡಿಗೊಮ್ಮೆ ಕಾರ್ಡಿಗೆ ಇಳಿಯುತ್ತದೆ, ಆ ಹೊತ್ತಿಗೆ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಲಾಗ್ ಬೇಕಾದರೆ ಅದಕ್ಕೂ ಒಂದು ರಿಂಗ್ ಬಫರ್, ಬರೆಯಲು ಬೇರೆ ಸಾಮಾನ್ಯ ಥ್ರೆಡ್. ಶುರುವಿನಲ್ಲೇ ಎಂಲಾಕ್‌ಆಲ್ ಕರೆದು ಮೆಮೊರಿ ಪೂರ್ತಿ ಹಿಡಿದಿಟ್ಟುಕೊಳ್ಳಿ, ಪೇಜ್ ಫಾಲ್ಟ್ (ಬೇಕಾದ ಮೆಮೊರಿ ಸಿದ್ಧವಿಲ್ಲದೆ ಕಾಯುವುದು) ಆಗಬಾರದು.

ಕರ್ನಲ್ ಸಂದೇಶಗಳನ್ನು ತಂತಿಯಲ್ಲಿ ಹೊರಗೆ ಕಳಿಸುವ ಸೀರಿಯಲ್ ಕನ್ಸೋಲ್ ಆನ್ ಇದೆಯಾ? 1,15,200 ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೋಸೆಕೆಂಡ್. 80 ಅಕ್ಷರದ ಒಂದು ಸಾಲಿಗೆ 7 ಮಿಲಿಸೆಕೆಂಡ್ ಹತ್ತಿರ. ಸಾಮಾನ್ಯ ಕರ್ನಲಿನಲ್ಲಿ ಅದು ಮುಗಿಯುವವರೆಗೆ ಒಂದು ಕೋರ್ ಅಲ್ಲೇ ಸಿಕ್ಕಿಕೊಂಡಿರಬಹುದು.

ಮಡಕಶಿರಾ_ಪಿಕೋ

ಇಷ್ಟೆಲ್ಲ ಸರ್ಕಸ್ ಯಾಕೆ ಎಂದೇ ನಾನು ಕೇಳುತ್ತಿರುವುದು. ಪಿಕೋದ ಆರ್‌ಪಿ2040 ಚಿಪ್ಪಿನಲ್ಲಿ ಪಿಐಓ ಎಂಬ ಭಾಗ ಇದೆ. ಎಂಟು ಸಣ್ಣ ಸ್ಟೇಟ್ ಮೆಷಿನ್. 133 ಮೆಗಾಹರ್ಟ್ಸಿನಲ್ಲಿ ಒಂದು ಆದೇಶಕ್ಕೆ 7.5 ನ್ಯಾನೋಸೆಕೆಂಡ್. ಪ್ರತಿ ಸಲ ಅಷ್ಟೇ, ಒಂದು ಚೂರೂ ಆಚೀಚೆ ಇಲ್ಲ. ನಾಲ್ಕು ವಾಲ್ವಿಗೆ ಇದಕ್ಕಿಂತ ಏನು ಬೇಕು? ಲಿನಕ್ಸ್ ಚಿತ್ರ ನೋಡಲಿ, ಕೈ ಕೆಲಸ ಪಿಕೋ ಮಾಡಲಿ.

ಹೊಸೂರು_ಲೇತ್

ವಾಲ್ವ್ ತೆರೆಯುವುದಕ್ಕೇ ಕೆಲವು ಮಿಲಿಸೆಕೆಂಡ್ ಬೇಕು. ಅಲ್ಲಿ ನ್ಯಾನೋಸೆಕೆಂಡ್ ಲೆಕ್ಕ ಹಾಕಿ ಏನು ಪ್ರಯೋಜನ? ರಿಯಲ್ ಟೈಮ್ ಕರ್ನಲ್ ಹಾಕಿದ ಪೈ 4ರಲ್ಲಿ ಸಾಮಾನ್ಯವಾಗಿ ಗರಿಷ್ಠ ತಡ 100 ಮೈಕ್ರೋಸೆಕೆಂಡಿನ ಆಸುಪಾಸು. ಈ ಬೆಲ್ಟಿನಲ್ಲಿ ಅದು 0.1 ಮಿಲಿಮೀಟರ್! ಬೋರ್ಡ್ ಒಂದೇ ಇದ್ದರೆ ಕೆಡುವ ಸಾಮಾನೂ ಕಡಿಮೆ, ವೈರೂ ಕಡಿಮೆ.

ಹಾಂ, ಒಂದು ಒಪ್ಪುತ್ತೇನೆ. ನಮ್ಮ ಮಿಷನ್ನಿನಲ್ಲೂ ಸ್ಟೆಪ್ ಪಲ್ಸ್ ಕೊಡುವುದು ಲಿನಕ್ಸ್ ಅಲ್ಲ, ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಹೊಂದಿಸಬಹುದಾದ ಚಿಪ್) ಇರುವ ಕಾರ್ಡ್. ಲಿನಕ್ಸ್ ಮಿಲಿಸೆಕೆಂಡಿಗೊಮ್ಮೆ ವೇಗ ಹೇಳುತ್ತದೆ, ಕಾರ್ಡ್ ಪಲ್ಸ್ ಎಣಿಸುತ್ತದೆ.

ಮಡಕಶಿರಾ_ಪಿಕೋ

ಅದನ್ನೇ ನಾನು ಹೇಳಿದ್ದು!!

ಹೊಸೂರು_ಲೇತ್

ಅಲ್ಲ. ನೀವು ಹೇಳಿದ್ದು ಲಿನಕ್ಸ್ ಬಿಡಿ ಎಂದು. ಮೇಲೆ ಹೋಗಿ ಓದಿ.

ಮಂಜೇಶ್ವರ_ವೈರಿಂಗ್

ಸಾಫ್ಟ್‌ವೇರಿನವರು ಮಾತಾಡುವಾಗ ನಡುವೆ ಬರುತ್ತೇನೆ. ಕರೆಂಟಿನ ಕಡೆ ಯಾರೂ ನೋಡಲಿಲ್ಲ. ಕಂಪ್ರೆಸರ್ ಅದೇ ಲೈನಿನಲ್ಲಿ ಉಂಟಾ? ಅದು ಸ್ಟಾರ್ಟ್ ಆಗುವಾಗ ಲೈಟ್ ಒಮ್ಮೆ ಮಂಕಾಗುತ್ತದಾ? ಹಾಗಾದರೆ ಪೈಗೆ ಕೊಟ್ಟ 5 ವೋಲ್ಟ್ ಕೂಡ ಬೀಳಬಹುದು. ಪೈ 4 ಸುಮಾರು 4.63 ವೋಲ್ಟಿಗಿಂತ ಕೆಳಗೆ ಹೋದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಮ್ಮ ಕಡೆ ಸಂಜೆ ವೋಲ್ಟೇಜ್ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ.

ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್ ಎಂಬ ಆದೇಶ ಕೊಟ್ಟು ನೋಡಿ. ಸೊನ್ನೆ ಬಂದರೆ ಒಳ್ಳೆಯದು. 50000 ಎಂದು ಬಂದರೆ ಬೂಟ್ ಆದ ಮೇಲೆ ಯಾವಾಗಲೋ ಒಮ್ಮೆ ವೋಲ್ಟೇಜ್ ಬಿದ್ದಿತ್ತು, ವೇಗವೂ ಇಳಿದಿತ್ತು ಎಂದು ಅರ್ಥ. 50005 ಬಂದರೆ ಈಗಲೂ ಹಾಗೆಯೇ ಇದೆ.

ವಾಲ್ವಿನ ಕಾಯಿಲ್‌ಗೆ ಅಡ್ಡ ಡಯೋಡ್ ಹಾಕಿದ್ದೀರಾ? ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗ ಬರುವ ಏಟು ಬೋರ್ಡಿಗೆ ಬೀಳುತ್ತದೆ. ಆದರೆ ಬರೀ ಡಯೋಡ್ ಹಾಕಿದರೆ ವಾಲ್ವ್ ಮುಚ್ಚುವುದು ನಿಧಾನ ಆಗುತ್ತದೆ, ಗಾಳಿ ಉದ್ದವಾಗಿ ಹೊರಟು ಪಕ್ಕದ ಅಡಿಕೆಗೂ ತಾಗುತ್ತದೆ. ಡಯೋಡ್ ಜೊತೆ ಝೀನರ್ ಸೇರಿಸಿದರೆ ಬೇಗ ಮುಚ್ಚುತ್ತದೆ.

ಪೆರ್ಲದವ

ವೈರಿಂಗ್ ಅಣ್ಣ, ಸಿಡಿಲಿಗೆ ಎಂತ ಮಾಡುವುದು? ಮಳೆಗಾಲಕ್ಕೆ ಮೊದಲು ಗುಡುಗು ಬಂತೆಂದರೆ ನಮ್ಮಲ್ಲಿ ಮೋಡೆಮ್ ಹೋಯಿತು ಎಂದೇ ಲೆಕ್ಕ.

ಮಂಜೇಶ್ವರ_ವೈರಿಂಗ್

ಮೊದಲು ಅರ್ತಿಂಗ್ ಸರಿ ಮಾಡಿಸಿ, ಆಮೇಲೆ ಮೈನ್ ಬೋರ್ಡಿಗೆ ಸರ್ಜ್ ಅರೆಸ್ಟರ್. ಮೋಡ ಕಟ್ಟುವಾಗಲೇ ಪ್ಲಗ್ ಮತ್ತು ನೆಟ್‌ವರ್ಕ್ ಕೇಬಲ್ ಎರಡೂ ತೆಗೆಯಿರಿ. ಹೆಚ್ಚಿನವರು ಪ್ಲಗ್ ತೆಗೆದು ಕೇಬಲ್ ಮರೆಯುತ್ತಾರೆ, ಸಿಡಿಲು ಅದರಲ್ಲೇ ಒಳಗೆ ಬರುತ್ತದೆ. ಯಂತ್ರದ ವಾಲ್ವ್ ಕಡೆಗೆ ಆಪ್ಟೋ ಐಸೋಲೇಟರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಭಾಗ) ಹಾಕಿದ್ದರೆ ಬೋರ್ಡ್ ಉಳಿಯುವ ಸಂಭವ ಜಾಸ್ತಿ.

ರಾಯದುರ್ಗ_ಜೀನ್ಸ್

ನಮ್ಮ ಕಡೆ ಸಿಡಿಲಲ್ಲ, ಬಿಸಿಲು. ತಗಡಿನ ಶೆಡ್ಡಿನಲ್ಲಿ ಕಟಿಂಗ್ ಟೇಬಲ್‌ಗೆ ಪೈ ಇಟ್ಟಿದ್ದೆವು. ಮಧ್ಯಾಹ್ನ ಮಾತ್ರ ತೊಂದರೆ, ಬೆಳಿಗ್ಗೆ ಎಲ್ಲ ಸರಿ. 80 ಡಿಗ್ರಿ ದಾಟಿದರೆ ಪೈ 4 ತಾನೇ ವೇಗ ಇಳಿಸುತ್ತದೆ. ಫ್ಯಾನ್ ಹಾಕಿದೆವು, ಬಟ್ಟೆಯ ಧೂಳು ಕೂತು ಫ್ಯಾನ್ ನಿಂತಿತು. ಆಮೇಲೆ ಪೂರ್ತಿ ಅಲ್ಯೂಮಿನಿಯಂ ಕೇಸ್, ಫ್ಯಾನ್ ಇಲ್ಲದ್ದು. ಅಡಿಕೆ ಧೂಳು ಇನ್ನೂ ನುಣ್ಣಗೆ ಅಲ್ವಾ, ನೋಡಿಕೊಳ್ಳಿ.

ಕರ್ನಲ್_ಕುಂಬಳೆ

ಇಬ್ಬರದ್ದೂ ಅಗತ್ಯದ ಮಾತು. ಸಿಪಿಯು ಗವರ್ನರ್ (ವೇಗ ನಿರ್ಧರಿಸುವ ಸೆಟ್ಟಿಂಗ್) ಪರ್ಫಾರ್ಮೆನ್ಸ್‌ಗೆ ಇಡಿ, ಇಲ್ಲದಿದ್ದರೆ ಕೆಲಸ ಇಲ್ಲದಾಗ ವೇಗ ಇಳಿಸಿ ಮತ್ತೆ ಏರಿಸುವುದರಲ್ಲೇ ಸಮಯ ಹೋಗುತ್ತದೆ.

ಚಾಲಿಮನೆ_ಬದಿಯಡ್ಕ

ಎಲ್ಲರಿಗೂ ತುಂಬಾ ಉಪಕಾರ. ಒಂದೊಂದಾಗಿ ಮಾಡಿದೆವು.

ಗೆಟ್ ಥ್ರಾಟಲ್ಡ್ 50000 ತೋರಿಸಿತು. ಪೇಟೆಯಲ್ಲಿ ಕೊಟ್ಟ ಅಡಾಪ್ಟರ್ ಮೇಲೆ 3 ಆಂಪಿಯರ್ ಎಂದು ಬರೆದಿದೆ, ಲೋಡ್ ಬಿದ್ದಾಗ ಮೀಟರ್ 4.5ಕ್ಕೆ ಇಳಿಯುತ್ತದೆ. ಅದನ್ನು ತೆಗೆದು ಒಳ್ಳೆ ಎಸ್‌ಎಂಪಿಎಸ್ ಹಾಕಿ, ಕಂಪ್ರೆಸರಿಗೆ ಬೇರೆ ಲೈನ್ ಎಳೆಸಿದೆವು. ಈಗ ಸೊನ್ನೆ.

ಸುತ್ತುವ ಲೂಪ್ ಹೋಯಿತು, ಆಬ್ಸ್‌ಟೈಮ್ ಬಂತು. ಸೆಕೆಂಡಿಗೊಮ್ಮೆ ಎರಡು ಅಡಿಕೆ ತಪ್ಪುವುದು ಪೂರ್ತಿ ನಿಂತಿತು. ಮ್ಯೂಟೆಕ್ಸ್ ತೆಗೆದು ರಿಂಗ್ ಬಫರ್ ಮಾಡಿದ ಮೇಲೆ 20 ಮಿಲಿಸೆಕೆಂಡಿನ ತಡ ಕಾಣಿಸುತ್ತಿಲ್ಲ. ಆದರೂ ಓಪನ್ ಸಿವಿ ಜೋರಾಗಿ ಓಡುವಾಗ, ವೈಫೈಯಲ್ಲಿ ಚಿತ್ರ ಕಳಿಸುವಾಗ, 1 ಮಿಲಿಸೆಕೆಂಡ್ ದಾಟುವುದು ಉಂಟು. ಈಗ ಕರ್ನಲ್ ಬದಲಿಸಬಹುದಾ?

ಕರ್ನಲ್_ಕುಂಬಳೆ

ಈಗ ಬದಲಿಸಿ. ಲಿನಕ್ಸನ್ನು ರಿಯಲ್ ಟೈಮ್ ಮಾಡುವ ಪ್ರೀಎಂಪ್ಟ್ ಆರ್‌ಟಿ ಸುಮಾರು 20 ವರ್ಷ ಹೊರಗಿನ ಪ್ಯಾಚ್ ಆಗಿಯೇ ಇತ್ತು. 2024ರ ಸೆಪ್ಟೆಂಬರಿನಲ್ಲಿ ಮುಖ್ಯ ಕರ್ನಲಿಗೆ ಸೇರಿತು, ನವೆಂಬರಿನಲ್ಲಿ ಬಂದ 6.12ರಿಂದ ಸಿಗುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ದುಡಿದ ಥಾಮಸ್ ಗ್ಲೈಕ್ಸ್‌ನರ್, ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು ಕಾಗದದಲ್ಲಿ ಅಚ್ಚು ಹಾಕಿ ಚಿನ್ನದ ಬಣ್ಣದ ಹಾಳೆ ಸುತ್ತಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕೈಗೆ ಕೊಟ್ಟರು. ಕೊನೆಗೆ ಉಳಿದಿದ್ದ ಅಡ್ಡಿ ಪ್ರಿಂಟ್‌ಕೆ, ಎಂದರೆ ಕರ್ನಲ್ ತನ್ನ ಸಂದೇಶ ಬರೆಯುವ ಭಾಗ. ಮೇಲೆ ಸೀರಿಯಲ್ ಕನ್ಸೋಲ್ ಬಗ್ಗೆ ಹೇಳಿದೆನಲ್ಲ, ಅದೇ ತೊಂದರೆ.

ಈ ಕರ್ನಲಿನಲ್ಲಿ ಇಂಟರಪ್ಟ್ (ಹಾರ್ಡ್‌ವೇರ್ ನಡುವೆ ಬಂದು ಕರೆಯುವ) ಕೆಲಸಗಳಲ್ಲಿ ಹೆಚ್ಚಿನವು ಥ್ರೆಡ್ ಆಗುತ್ತವೆ, ಸಾಮಾನ್ಯವಾಗಿ ಫೈಫೋ 50ರಲ್ಲಿ. ನೀವು 80ರಲ್ಲಿದ್ದರೆ ವೈಫೈ ನಿಮ್ಮನ್ನು ತಡೆಯುವುದಿಲ್ಲ. ಸ್ಪಿನ್‌ಲಾಕುಗಳಲ್ಲಿ ಹೆಚ್ಚಿನವು ಪ್ರಯಾರಿಟಿ ಇನ್ಹೆರಿಟೆನ್ಸ್ ಇರುವ ಬೀಗಗಳಾಗುತ್ತವೆ.

ಕಟ್ಟುವಾಗ ಒಂದು ಎಚ್ಚರ. ಮೆನುಕಾನ್ಫಿಗ್ ಎಂಬ ಸೆಟ್ಟಿಂಗ್ ಪಟ್ಟಿಯಲ್ಲಿ 'ಫುಲ್ಲಿ ಪ್ರೀಎಂಪ್ಟಿಬಲ್ ಕರ್ನಲ್' ಎಂಬ ಆಯ್ಕೆ ಕಾಣದಿದ್ದರೆ ಮೊದಲು ಎಕ್ಸ್‌ಪರ್ಟ್ ಎಂಬುದನ್ನು ಆನ್ ಮಾಡಿ. ಅದಿಲ್ಲದೆ ಅದು ಬರುವುದೇ ಇಲ್ಲ, ಎಷ್ಟೋ ಜನ ಅಲ್ಲೇ ಸಿಕ್ಕಿಬೀಳುತ್ತಾರೆ. ಪೈ ಮೇಲೆಯೇ ಕಟ್ಟಬೇಡಿ, ತುಂಬಾ ಹೊತ್ತು. ಲ್ಯಾಪ್‌ಟಾಪಿನಲ್ಲಿ ಕ್ರಾಸ್ ಕಂಪೈಲ್ ಮಾಡಿ.

ಸೊಲ್ಲಾಪುರ_ಮಗ್ಗ

ನನ್ನ ಹತ್ತಿರ ಹಳೆ ಬೀಗಲ್‌ಬೋನ್ ಬ್ಲಾಕ್ ಬೋರ್ಡ್ ಇದೆ ರೀ. 6.12 ಹಾಕಿದರೆ ಅದಕ್ಕೂ ಆಗುತ್ತದಾ?

ಕರ್ನಲ್_ಕುಂಬಳೆ

ಇಲ್ಲ. 6.12ರಲ್ಲಿ ಸೇರಿದ್ದು ಎಕ್ಸ್86, 64 ಬಿಟ್ ಆರ್ಮ್ ಮತ್ತು ರಿಸ್ಕ್ ಫೈವ್‌ಗೆ. ಬೀಗಲ್‌ಬೋನ್ ಬ್ಲಾಕ್ 32 ಬಿಟ್, ಆ ಕರ್ನಲಿನಲ್ಲಿ ಅದಕ್ಕೆ ಹೊರಗಿನ ಪ್ಯಾಚ್ ಬೇಕು. ಆದರೆ ನಿಮ್ಮ ಬೋರ್ಡಿನಲ್ಲಿ ಬೇರೆ ನಿಧಿ ಉಂಟು. ಅದರ ಚಿಪ್ಪಿನೊಳಗೆ ಪಿಆರ್‌ಯು ಎಂಬ ಎರಡು ಸಣ್ಣ ಕೋರ್‌ಗಳಿವೆ, 200 ಮೆಗಾಹರ್ಟ್ಸ್, ಹೆಚ್ಚಿನ ಆದೇಶಗಳಿಗೆ ತಲಾ 5 ನ್ಯಾನೋಸೆಕೆಂಡ್. ಲಿನಕ್ಸ್ ಏನೇ ಮಾಡುತ್ತಿರಲಿ ಅವು ತಮ್ಮ ಪಾಡಿಗೆ ಓಡುತ್ತವೆ.

ತಾಳವಾಡಿ_ಹುಡುಗಿ

ಕರ್ನಲ್ ಬದಲಿಸಿದ ಮೇಲೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಸರ್?

ಕರ್ನಲ್_ಕುಂಬಳೆ

ಯುನೇಮ್ ಮೈನಸ್ ವಿ ಕೊಟ್ಟರೆ ಪ್ರೀಎಂಪ್ಟ್ ಆರ್‌ಟಿ ಎಂದು ತೋರಿಸಬೇಕು. ಆಮೇಲೆ ಆರ್‌ಟಿ ಟೆಸ್ಟ್ಸ್ ಪ್ಯಾಕೇಜಿನ ಸೈಕ್ಲಿಕ್‌ಟೆಸ್ಟ್ ಓಡಿಸಿ. ಪ್ರಯಾರಿಟಿ 90, ಅಂತರ 200 ಮೈಕ್ರೋಸೆಕೆಂಡ್. ಅದು ತಡದ ನಾಲ್ಕು ಅಂಕಿ ತೋರಿಸುತ್ತದೆ: ಕನಿಷ್ಠ, ಈಗಿನದು, ಸರಾಸರಿ, ಗರಿಷ್ಠ. ಗರಿಷ್ಠ ಒಂದನ್ನೇ ನೋಡು. ಉಳಿದದ್ದು ಈ ಕೆಲಸಕ್ಕೆ ಬೇಡ.

ಬೋರ್ಡ್ ಖಾಲಿ ಇರುವಾಗ ಐದು ನಿಮಿಷ ಓಡಿಸಿ ಚಿತ್ರ ಹಾಕುವವರು ಬಹಳ ಜನ. ಅದರಿಂದ ಏನೂ ಗೊತ್ತಾಗುವುದಿಲ್ಲ. ಸ್ಟ್ರೆಸ್ ಎನ್‌ಜಿ, ಹ್ಯಾಕ್‌ಬೆಂಚ್ ಎಂಬ ಹೊರೆ ಹಾಕುವ ಪ್ರೋಗ್ರಾಂಗಳು ಓಡುತ್ತಿರಬೇಕು. ಕ್ಯಾಮೆರಾ, ವೈಫೈ, ಕಾರ್ಡಿಗೆ ಬರೆಯುವುದು ಎಲ್ಲ ನಡೆಯುತ್ತಿರಬೇಕು. ರಾತ್ರಿಯಿಡೀ ಬಿಡು. 8 ಗಂಟೆಗೆ ಒಂದು ಕೋರ್‌ಗೆ 14 ಕೋಟಿ 40 ಲಕ್ಷ ಅಳತೆ ಸಿಗುತ್ತದೆ. ಅದರಲ್ಲಿ ಒಂದೇ ಒಂದು ಕೆಟ್ಟದ್ದಿದ್ದರೂ ಅದೇ ನಿನ್ನ ಉತ್ತರ. ಆ ಒಂದನ್ನು ಯಾರು ಮಾಡಿದರು ಎಂದು ಹುಡುಕಲು ಟೈಮರ್‌ಲ್ಯಾಟ್ ಟ್ರೇಸರ್ ಉಂಟು, 5.14ರಿಂದ.

ಹೊಸೂರು_ಲೇತ್

ಕೋರ್ ಬೇರೆ ಮಾಡುವುದನ್ನೂ ಹೇಳಿ. ಸಿಎಂಡಿಲೈನ್ ಫೈಲಿನಲ್ಲಿ ಐಸೋಲ್‌ಸಿಪಿಯುಸ್ 3 ಎಂದು ಸೇರಿಸಿ, ವಾಲ್ವ್ ಥ್ರೆಡ್ಡನ್ನು ಆ ಕೋರ್‌ಗೆ ಕಟ್ಟಿ. ಎಲ್ಲ ಒಂದೇ ಸಾಲಿನಲ್ಲಿರಬೇಕು, ಹೊಸ ಸಾಲು ಮಾಡಿದರೆ ಕೆಲಸ ಮಾಡುವುದಿಲ್ಲ. ಇಂಟರಪ್ಟ್ ಹಂಚುವ ಐಆರ್‌ಕ್ಯೂ ಬ್ಯಾಲೆನ್ಸ್ ನಿಲ್ಲಿಸಿ, ಕ್ಯಾಮೆರಾ ಮತ್ತು ನೆಟ್‌ವರ್ಕ್ ಇಂಟರಪ್ಟ್ ಬೇರೆ ಕೋರ್‌ಗೆ ಇಡಿ. ಐಸೋಲ್‌ಸಿಪಿಯುಸ್ ಒಂದೇ ಹಾಕಿದರೆ ಇಂಟರಪ್ಟ್ ತಾನಾಗಿ ಜಾಗ ಬಿಡುವುದಿಲ್ಲ.

ಮಡಕಶಿರಾ_ಪಿಕೋ

ಕೋರ್ ಬೇರೆ ಆದರೂ ಎಲ್2 ಕ್ಯಾಶ್ (ಪ್ರೊಸೆಸರಿನೊಳಗಿನ ಮೆಮೊರಿ) ಒಂದೇ, ರ‍್ಯಾಮ್ ದಾರಿ ಒಂದೇ. ಓಪನ್ ಸಿವಿ ಮೆಮೊರಿ ಪೂರ್ತಿ ಎಳೆಯುವಾಗ ಮೂರನೇ ಕೋರ್ ಕೂಡ ಕಾಯಬೇಕು. ಅದನ್ನು ಯಾವ ಸೆಟ್ಟಿಂಗೂ ತೆಗೆಯುವುದಿಲ್ಲ.

ಹೊಸೂರು_ಲೇತ್

ಅದು ನಿಜ, ಒಪ್ಪಿದೆ. ಆದರೆ ಅದರಿಂದ ಆಗುವುದು ಹತ್ತಾರು ಮೈಕ್ರೋಸೆಕೆಂಡ್. ಅಡಿಕೆಗೆ ಲೆಕ್ಕಕ್ಕಿಲ್ಲ.

ಚಾಲಿಮನೆ_ಬದಿಯಡ್ಕ

ಆರ್‌ಟಿ ಕರ್ನಲ್ ಹಾಕಿ ರಾತ್ರಿ ಬಿಟ್ಟಿದ್ದೆವು. ಗರಿಷ್ಠ 100 ಮೈಕ್ರೋಸೆಕೆಂಡಿನ ಒಳಗೇ ಇದೆ. ಆಸಿಲೋಸ್ಕೋಪಿನಲ್ಲೂ ನೋಡಿದೆವು, ವಾಲ್ವ್ ಪಲ್ಸ್ ಕದಲುತ್ತಿಲ್ಲ.

ಆದರೆ ಅಡಿಕೆ ಈಗಲೂ ಒಮ್ಮೊಮ್ಮೆ ತಪ್ಪುತ್ತದೆ. ಬೆಲ್ಟ್ ತುಂಬಾ ಅಡಿಕೆ ಇರುವಾಗ ಗಾಳಿ ಬೇಗ, ಖಾಲಿ ಇರುವಾಗ ತಡ. ಇದು ಹೇಗೆ?

ಸೊಲ್ಲಾಪುರ_ಮಗ್ಗ

ಇದಕ್ಕೆ ನಾ ಹೇಳ್ತೀನಿ ರೀ. ನೀವು ಗಡಿಯಾರ ನೋಡುವುದೇ ಬೇಡ.

ಮಗ್ಗದಲ್ಲಿ ಯಾರೂ ಮಿಲಿಸೆಕೆಂಡ್ ಮಾತಾಡುವುದಿಲ್ಲ. ಹಾಸು ಯಾವಾಗ ಬಾಯಿ ತೆರೆಯಬೇಕು, ಹೊಕ್ಕು ಯಾವಾಗ ಹೋಗಬೇಕು, ಎಲ್ಲ ಕ್ರ್ಯಾಂಕ್ ಶಾಫ್ಟಿನ ಡಿಗ್ರಿಯಲ್ಲಿ. ನಿಮಿಷಕ್ಕೆ 180 ಹೊಕ್ಕು ಇದ್ದಾಗ ಒಂದು ಡಿಗ್ರಿ ಸುಮಾರು 0.93 ಮಿಲಿಸೆಕೆಂಡ್. ವೋಲ್ಟೇಜ್ ಇಳಿದು ಮಗ್ಗ ನಿಧಾನ ಆದರೆ ಆ ಮಿಲಿಸೆಕೆಂಡ್ ಬದಲಾಗುತ್ತದೆ, ಡಿಗ್ರಿ ಬದಲಾಗುವುದಿಲ್ಲ. ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿದಾಗಲೂ ಶಾಫ್ಟಿಗೆ ಎನ್‌ಕೋಡರ್ (ಎಷ್ಟು ತಿರುಗಿತು ಎಂದು ಪಲ್ಸ್ ಕೊಡುವ ಸಾಧನ) ಕೂರಿಸುತ್ತೇವೆ.

ನಿಮ್ಮ ಬೆಲ್ಟಿನ ಮೋಟಾರು ಲೋಡ್ ಬಿದ್ದಾಗ ನಿಧಾನ ಆಗುತ್ತದೆ. 400 ಮಿಲಿಸೆಕೆಂಡಿಗೆ 40 ಸೆಂಟಿಮೀಟರ್ ಎಂಬ ಲೆಕ್ಕವೇ ಆಗ ಸುಳ್ಳು. ನೂರಕ್ಕೆ ಮೂರು ಇಳಿದರೂ 12 ಮಿಲಿಮೀಟರ್ ಹಿಂದೆ. ಬೆಲ್ಟಿನ ರೋಲರಿಗೆ ಎನ್‌ಕೋಡರ್ ಹಾಕಿ. ಮೋಟಾರಿಗಲ್ಲ, ಬೆಲ್ಟ್ ಜೊತೆ ತಿರುಗುವ ಸುಮ್ಮನಿರುವ ರೋಲರಿಗೆ. ಅಡಿಕೆ ಕಂಡಾಗ ಎಣಿಕೆ ಎಷ್ಟು, ನಾಜಲ್‌ಗೆ ಇನ್ನೆಷ್ಟು ಎಣಿಕೆ. ಅಷ್ಟೇ.

ಅಕ್ಕಲಕೋಟ_ಮೇಷ್ಟ್ರು

ಭೇಷ್! ಇದು ಅನುಭವದ ಮಾತು.

ಕರ್ನಲ್_ಕುಂಬಳೆ

ಈ ಚರ್ಚೆಯಲ್ಲಿ ಬಂದ ಅತಿ ಒಳ್ಳೆ ಸಲಹೆ ಇದು. ಇದಕ್ಕೆ ಒಂದು ಸೇರಿಸುತ್ತೇನೆ. 'ಕ್ಯಾಮೆರಾ ಕಂಡಾಗ' ಎಂದರೆ ಯಾವಾಗ? ನಿಮ್ಮ ಪ್ರೋಗ್ರಾಮಿಗೆ ಚಿತ್ರ ಕೈಗೆ ಬಂದ ಗಳಿಗೆಯಾ? ಅದು ತಪ್ಪು ಗಳಿಗೆ. ಸೆಕೆಂಡಿಗೆ 30 ಚಿತ್ರ ಎಂದರೆ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡ್, ಅದು ಒಳಗೆ ದಾಟಿ ಬರುವ ಹೊತ್ತು ಒಂದೊಂದು ಸಲ ಒಂದೊಂದು. ಕ್ಯಾಮೆರಾ ನಡೆಸುವ ಲಿಬ್‌ಕ್ಯಾಮೆರಾ ಪ್ರತಿ ಚಿತ್ರದ ಜೊತೆ ಸೆನ್ಸರ್ ಟೈಮ್‌ಸ್ಟಾಂಪ್ ಕೊಡುತ್ತದೆ, ಅದನ್ನು ಹಿಡಿಯಿರಿ. ಸಾಧ್ಯವಾದರೆ 2023ರಲ್ಲಿ ಬಂದ ಗ್ಲೋಬಲ್ ಶಟರ್ (ಇಡೀ ಚಿತ್ರ ಒಂದೇ ಗಳಿಗೆಗೆ ಹಿಡಿಯುವ) ಕ್ಯಾಮೆರಾ ತೆಗೆದುಕೊಳ್ಳಿ. ಅದಕ್ಕೆ ಹೊರಗಿನಿಂದ ಟ್ರಿಗರ್ ಕೊಡಬಹುದು. ಎನ್‌ಕೋಡರ್ ಇಂತಿಷ್ಟು ಎಣಿಸಿದಾಗ ಒಂದು ಚಿತ್ರ.

ಮತ್ತೆ ಮಡಕಶಿರಾದವರು ಹೇಳಿದ್ದು ಈಗ ಸರಿಯಾಗಿ ಕೂರುತ್ತದೆ. ಎನ್‌ಕೋಡರ್ ಎಣಿಸುವುದು, ಕ್ಯಾಮೆರಾಕ್ಕೆ ಟ್ರಿಗರ್, ವಾಲ್ವ್ ಬಿಡುವುದು ಮೂರೂ ಪಿಕೋಗೆ ಕೊಡಿ. ಪೈ ಹೇಳಬೇಕಾದ್ದು ಇಷ್ಟೇ: 'ಇಂಥ ಚಿತ್ರದಲ್ಲಿ, ಮೂರನೇ ಸಾಲಿನಲ್ಲಿ, ಇಂಥ ಎಣಿಕೆಗೆ ಕರಿಗೋಟು.' ಅದನ್ನು ಹೇಳಲು 400 ಮಿಲಿಸೆಕೆಂಡ್ ಇದೆ. 20 ಮಿಲಿಸೆಕೆಂಡ್ ಆಚೀಚೆ ಆದರೂ ಅಡಿಕೆಗೆ ಗೊತ್ತಾಗುವುದಿಲ್ಲ.

ಮಡಕಶಿರಾ_ಪಿಕೋ

ಧನ್ಯವಾದ ಸರ್. ಎನ್‌ಕೋಡರಿನ ಕ್ವಾಡ್ರೇಚರ್ ಪಲ್ಸ್ ಎಣಿಸಲು ಪಿಐಓ ಪ್ರೋಗ್ರಾಂ ಪಿಕೋದ ಉದಾಹರಣೆಗಳಲ್ಲೇ ಇದೆ. ಬೇಕಾದರೆ ವಾಲ್ವ್ ಕಡೆಯದ್ದು ನಾನು ಬರೆದು ಕೊಡುತ್ತೇನೆ.

ಹೊಸೂರು_ಲೇತ್

ನಾನು ಈಗಲೂ ಒಂದೇ ಬೋರ್ಡಿನ ಪಕ್ಷ. ಎನ್‌ಕೋಡರನ್ನೂ ಪೈಗೇ ಕೊಟ್ಟು 1 ಮಿಲಿಸೆಕೆಂಡಿನ ಲೂಪ್ ಓಡಿಸಿದರೆ ತಪ್ಪು 1 ಮಿಲಿಮೀಟರ್. ಅಡಿಕೆಯೇ 2 ಸೆಂಟಿಮೀಟರ್ ಇದೆ.

ಕರ್ನಲ್_ಕುಂಬಳೆ

ಎನ್‌ಕೋಡರ್ ಪಲ್ಸ್ ಒಂದೊಂದೂ ಲಿನಕ್ಸಿಗೆ ಇಂಟರಪ್ಟ್ ಆಗಿ ಬರಬೇಕಲ್ಲ. ಸೆಕೆಂಡಿಗೆ ಸಾವಿರಗಟ್ಟಲೆ. ಒಂದು ತಪ್ಪಿದರೂ ಎಣಿಕೆ ಶಾಶ್ವತವಾಗಿ ಕೆಡುತ್ತದೆ, ತಾನಾಗಿ ಸರಿಯಾಗುವುದಿಲ್ಲ. ತಡ ಆದ ಪಲ್ಸ್ ಆ ಒಂದು ಅಡಿಕೆಗೆ ಮಾತ್ರ, ತಪ್ಪಿದ ಎಣಿಕೆ ಮುಂದಿನ ಎಲ್ಲ ಅಡಿಕೆಗೂ. ಅದಕ್ಕೆ ಎಣಿಸುವ ಕೆಲಸ ಹಾರ್ಡ್‌ವೇರಿಗೇ ಇರಲಿ.

ಹೊಸೂರು_ಲೇತ್

ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಸರಿ.

ಪೆರ್ಲದವ

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಅಡಿಕೆ ಗೊತ್ತು. ಪೈ ಹೇಳುವುದು ತಡ ಆಗಿ ಅಡಿಕೆ ನಾಜಲ್ ದಾಟಿಯೇ ಹೋದರೆ ಅದು ಯಾವ ಡಬ್ಬಕ್ಕೆ ಬೀಳುತ್ತದೆ?

ಚಾಲಿಮನೆ_ಬದಿಯಡ್ಕ

ಈಗಿರುವ ಹಾಗೆ ಒಳ್ಳೆಯದರ ಡಬ್ಬಕ್ಕೆ. ಗಾಳಿ ಬಿಟ್ಟರೆ ಮಾತ್ರ ಪಕ್ಕಕ್ಕೆ.

ಪೆರ್ಲದವ

ಅದು ಆಗಲಿಕ್ಕಿಲ್ಲ ಮಾರಾಯ್ರೆ. ಚೀಲದಲ್ಲಿ ನಾಲ್ಕು ಕರಿಗೋಟು ಕಂಡರೆ ತೆಗೆದುಕೊಳ್ಳುವವರು ಇಡೀ ಚೀಲದ ದರ್ಜೆ ಇಳಿಸುತ್ತಾರೆ. ಒಳ್ಳೆ ಅಡಿಕೆ ಇನ್ನೊಂದು ಸುತ್ತು ಬೆಲ್ಟಿಗೆ ಬಂದರೆ ನಷ್ಟ ಎಂತದ್ದೂ ಇಲ್ಲ. ಗೊತ್ತಾಗದ್ದು ಎಲ್ಲ ಹಿಂದೆ ಬರಲಿ.

ಕರ್ನಲ್_ಕುಂಬಳೆ

ನೂರಕ್ಕೆ ನೂರು ಒಪ್ಪುವ ಮಾತು, ಇದನ್ನು ನಾವು ಯಾರೂ ಕೇಳಲಿಲ್ಲ. ಹಾಗಾದರೆ ಯಂತ್ರವನ್ನು ತಿರುಗಿಸಿ ಕಟ್ಟಿ. 'ಒಳ್ಳೆಯದು' ಎಂಬ ಸಂದೇಶ ಸಮಯಕ್ಕೆ ಬಂದರೆ ಮಾತ್ರ ಗಾಳಿ ಅದನ್ನು ಒಳ್ಳೆಯದರ ಡಬ್ಬಕ್ಕೆ ತಳ್ಳಲಿ. ಸಂದೇಶ ಬರದಿದ್ದರೆ, ತಡ ಆದರೆ, ಪೈ ನಿಂತೇ ಹೋದರೆ, ಅಡಿಕೆ ಸುಮ್ನೆ ನೇರ ಹೋಗಿ ಮರುಸುತ್ತಿನ ಡಬ್ಬಕ್ಕೆ ಬೀಳುತ್ತದೆ. ತಡವಾದ ಸಂದೇಶಗಳನ್ನು ಪಿಕೋ ಎಣಿಸಿ ಇಡಲಿ. ಆ ಸಂಖ್ಯೆ ಏರಿದರೆ ಪೈಯಲ್ಲಿ ಏನೋ ಆಗಿದೆ ಎಂದು ತಿಳಿಯುತ್ತದೆ.

ಮಂಜೇಶ್ವರ_ವೈರಿಂಗ್

ಹಾಗೆ ಮಾಡಿದರೆ ಗಾಳಿ ಖರ್ಚು ಜಾಸ್ತಿ. ಒಳ್ಳೆ ಅಡಿಕೆಯೇ ಹೆಚ್ಚು ಅಲ್ವಾ? ನಾಲ್ಕು ವಾಲ್ವ್ ಒಟ್ಟಿಗೆ ತೆರೆದರೆ ಒತ್ತಡ ಬೀಳುತ್ತದೆ, ತಳ್ಳುವ ಬಲ ಕಡಿಮೆ ಆಗುತ್ತದೆ. ವಾಲ್ವ್ ಹತ್ತಿರವೇ ಒಂದು ಸಣ್ಣ ಗಾಳಿ ಟ್ಯಾಂಕ್ ಇಡಿ, ಪೈಪ್ ಗಿಡ್ಡ ಮಾಡಿ. 24 ವೋಲ್ಟ್ ಸಪ್ಲೈಯೂ ನಾಲ್ಕು ಕಾಯಿಲ್ ಒಟ್ಟಿಗೆ ತಾಳುವಂಥದ್ದಿರಲಿ. ವೋಲ್ಟ್ ಬಿದ್ದರೆ ವಾಲ್ವ್ ತೆರೆಯುವುದೂ ನಿಧಾನ.

ಚಾಲಿಮನೆ_ಬದಿಯಡ್ಕ

ಎನ್‌ಕೋಡರ್ ಆರ್ಡರ್ ಮಾಡಿದೆ. ಪಿಕೋ ಬೆಂಗಳೂರಿನ ಎಸ್‌ಪಿ ರೋಡಿನಿಂದ ಗೆಳೆಯರೊಬ್ಬರು ತರುತ್ತಾರೆ. ಮರುಸುತ್ತಿನ ಡಬ್ಬ ಎಲ್ಲಿ ಇಡುವುದೆಂದು ಭಾವ ಆಗಲೇ ಅಳತೆ ತೆಗೆಯುತ್ತಿದ್ದಾರೆ. ಪೆರ್ಲದ ಅಣ್ಣ, ನಿಮ್ಮ ಒಂದು ಚೀಲ ಬೆರಕೆ ಅಡಿಕೆ ತನ್ನಿ. ನಮ್ಮ ಅಡಿಕೆಯಲ್ಲೇ ಪರೀಕ್ಷೆ ಮಾಡಿದರೆ ಕ್ಯಾಮೆರಾ ಅದಕ್ಕೇ ಒಗ್ಗಿಬಿಡುತ್ತದೆ.

ಪೆರ್ಲದವ

ಭಾನುವಾರ ಬರುತ್ತೇನೆ. ಒಂದಲ್ಲ, ಎರಡು ಚೀಲ.

ತಾಳವಾಡಿ_ಹುಡುಗಿ

ಕಾಲೇಜಿನ ಪೈ 4ರಲ್ಲಿ ಸೈಕ್ಲಿಕ್‌ಟೆಸ್ಟ್ ಓಡಿಸಿ ನೋಡಿದೆ, ಇನ್ನೂ ಹಳೆ ಕರ್ನಲ್. ಸರಾಸರಿ ಚೆನ್ನಾಗಿದೆ. ಗರಿಷ್ಠ ಮಾತ್ರ ಮಿಲಿಸೆಕೆಂಡ್ ದಾಟಿದೆ, ಅದೂ ಸೊನ್ನೆ ಕೋರ್‌ನಲ್ಲಿ ಮಾತ್ರ. ಉಳಿದ ಮೂರು ಕೋರ್ ಅಷ್ಟು ಕೆಟ್ಟದಿಲ್ಲ. ಯಾಕೆ?

ಕರ್ನಲ್_ಕುಂಬಳೆ

ಪೈ 4ರಲ್ಲಿ ನಾವು ಬದಲಿಸದಿದ್ದರೆ ಹೆಚ್ಚಿನ ಇಂಟರಪ್ಟುಗಳು ಸೊನ್ನೆ ಕೋರ್‌ಗೇ ಹೋಗುತ್ತವೆ. ಪ್ರಾಕ್ ಫೋಲ್ಡರಿನಲ್ಲಿ ಇಂಟರಪ್ಟ್ಸ್ ಎಂಬ ಫೈಲ್ ತೆರೆದು ನೋಡು. ಒಂದು ಕಂಬಕ್ಕೆ ಒಂದು ಕೋರ್, ಯಾವ ಸಾಲಿನ ಅಂಕಿ ಓಡುತ್ತಿದೆ ಎಂದು ಅಲ್ಲೇ ಕಾಣುತ್ತದೆ. ಆ ಪಟ್ಟಿಯನ್ನು ಇಲ್ಲಿ ಹಾಕು, ಒಟ್ಟಿಗೆ ನೋಡೋಣ.